ಹೊಳೆಗೆ ಕರೆದೊಯ್ಯುತ್ತಿದ್ದ ದೊಡ್ಡವ್ವ

ಎಪ್ಪತ್ತರ ದಶಕದಲ್ಲಿ ನಾವು ಕೂಡ್ಲಿಗಿಯಲ್ಲಿದ್ದೆವು. ಅಲ್ಲಿ ನೀರೆಂದರೆ ಬೋರಿಂಗಿನ ಮುಂದೆ ಸಾಲಿಟ್ಟ ಕೊಡಗಳು. ಹಾಗಾಗಿ ಬೇಸಿಗೆ ರಜೆ ಬಂದದ್ದೇ ತಡ, ನಾನೂ ಅವ್ವನೂ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಅವಳ ತವರಾದ ಮಾಗಳಕ್ಕೆ ಹೋಗುತ್ತಿದ್ದೆವು. ಅಲ್ಲಿ ತುಂಗಭದ್ರೆ ಇತ್ತು. ಬೇಸಿಗೆಯಲ್ಲಿ ಅರ್ಧ ಮರಳು, ಅರ್ಧ ನೀರು. ನನಗೆ ಅಷ್ಟು ಸಾಕಾಗಿತ್ತು.

ನಮ್ಮನ್ನು ಹೊಳೆಗೆ ಕರೆದುಕೊಂಡು ಹೋಗುತ್ತಿದ್ದವಳು ಅವ್ವನ ಅಕ್ಕ, ನಮ್ಮ ದೊಡ್ಡವ್ವ. ಮದುವೆಯಾಗದೆ ತವರಿನಲ್ಲೇ ಉಳಿದಿದ್ದಳು. ಅವಳ ಬಲಗೈಯ ತೋರುಬೆರಳು ಒಣ ಸೀಗೆಕಾಯಿಯಂತೆ ಕಪ್ಪಾಗಿ ಮುದುಡಿತ್ತು. ಪ್ರಾಯದಲ್ಲಿ ಹಾವು ಕಚ್ಚಿತ್ತಂತೆ. ಆ ಮನೆಯಲ್ಲಿ ಯಾರೂ ಹಾವು ಎನ್ನುತ್ತಿರಲಿಲ್ಲ, ‘ಹುಳ’ ಎನ್ನುತ್ತಿದ್ದರು; ಕಚ್ಚಿತು ಎನ್ನದೆ ‘ಮುಟ್ಟಿತು’ ಎನ್ನುತ್ತಿದ್ದರು. ‘ಹುಳ ಮುಟ್ಟಿದ ಹುಡುಗಿ’ ಎಂದು ಅವಳಿಗೆ ಸಂಬಂಧಗಳೇ ಬರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಬಿಸಿಲು ಸ್ವಲ್ಪ ವಾಲಿದ ಮೇಲೆ ನಾನೂ ಸೋದರಮಾವನ ಇಬ್ಬರು ಹೆಣ್ಣುಮಕ್ಕಳೂ ಅವಳ ಹಿಂದೆ ಹೊರಡುತ್ತಿದ್ದೆವು. ಕಾಲುದಾರಿಯ ಎರಡೂ ಕಡೆ ಜಾಲಿ, ಕತ್ತಾಳೆ. ದೊಡ್ಡವ್ವ ಮುಂದೆ ಮುಂದೆ ಕೋಲಿನಿಂದ ನೆಲ ಬಡಿಯುತ್ತ, ಮನೆಯ ಹಿರಿಯರಿಗೆ ಹೇಳುವಂತೆ ಹೇಳುತ್ತಿದ್ದಳು: “ಬಾಜೂಕ ಸರಿಯಪ್ಪಾ, ಮಕ್ಳು ಬರಾಕತ್ಯಾವ.”

ಆ ಮಾತಿಗೇ ನಾನು ನಿಂತುಬಿಡುತ್ತಿದ್ದೆ. ಇವಳು ಮಾತಾಡಿಸುತ್ತಿದ್ದಾಳೆ ಎಂದರೆ ಕೇಳಿಸಿಕೊಳ್ಳುವುದು ಅಲ್ಲೆಲ್ಲೋ ಇದೆ ಎಂದೇ ಅರ್ಥ. ಅಲ್ಲಿಯವರೆಗೆ ನಾನು ಜೀವಂತ ಹಾವನ್ನು ಹತ್ತಿರದಿಂದ ಕಂಡವಳಲ್ಲ. ಆದರೂ ತರಗೆಲೆ ಸರಿದರೆ, ಓತಿಕ್ಯಾತ ಓಡಿದರೆ ಜೀವ ಬಾಯಿಗೆ ಬರುತ್ತಿತ್ತು. ಹೊಳೆ ಕಂಡ ಕೂಡಲೇ ಎಲ್ಲ ಮರೆತು ನೀರಿಗೆ ಬೀಳುತ್ತಿದ್ದೆ. ತಿರುಗಿ ಹೋಗುವ ದಾರಿ ನೆನಪಾದರೆ ನೀರೊಳಗೇ ಮೈ ಜುಮ್ಮೆನ್ನುತ್ತಿತ್ತು.

ಐದನೆಯ ತರಗತಿ ಮುಗಿಸಿದ ಬೇಸಿಗೆ. ಈಜಿ ದಣಿದು ಮರಳ ಮೇಲೆ ಅಂಗಾತ ಮಲಗಿ, ಕಣ್ಣಿಗೆ ಒದ್ದೆ ಟವೆಲು ಮುಚ್ಚಿಕೊಂಡಿದ್ದೆ. ಕಣಕಾಲಿನ ಮೇಲೆ ತಣ್ಣಗೆ ಏನೋ ಬಂತು. ಮಾವನ ಮಗಳು ಒದ್ದೆ ಬಟ್ಟೆ ಎಳೆದು ಕಾಡುತ್ತಿದ್ದಾಳೆ ಎಂದುಕೊಂಡು “ಬಿಡಲೇ” ಅಂದೆ. ಟವೆಲು ಸರಿಸಿ ನೋಡಿದರೆ, ಮಣ್ಣಿನ ಬಣ್ಣದ ಉದ್ದನೆಯ ಹಾವು ನನ್ನ ಎರಡೂ ಕಾಲುಗಳನ್ನು ದಾಟುತ್ತಿತ್ತು. ಅದಕ್ಕೆ ಅವಸರವಿರಲಿಲ್ಲ. ಭಾರವಿತ್ತು. ಬಣ್ಣಕ್ಕಿಂತ ಆ ಭಾರವೇ ನನಗೆ ಇಂದಿಗೂ ನೆನಪಿರುವುದು. ಬಾಲ ಸರಿಯಿತು. ತಲೆಯೆತ್ತಿಕೊಂಡು ನೀರಿಗಿಳಿದು ಆಚೆ ದಡದ ಕಡೆ ಹೋಯಿತು.

ದೊಡ್ಡವ್ವ ಪಕ್ಕದಲ್ಲೇ ನಿಂತಿದ್ದಳು. ಕೈಯಲ್ಲಿದ್ದ ಕೋಲು ಎತ್ತಿರಲಿಲ್ಲ. ಹಾವು ಹೋದ ಮೇಲೆ ಕುಸಿದು ಕುಳಿತು, ನನ್ನ ಕಾಲನ್ನು ತೊಡೆಯ ಮೇಲೆಳೆದುಕೊಂಡು, ಮೆತ್ತಿದ್ದ ಮರಳು ಒರೆಸಿ ಒರೆಸಿ ಹುಡುಕತೊಡಗಿದಳು.

“ಎಲ್ಲಿ ಮುಟ್ಟೈತಿ? ತೋರ್ಸು, ಎಲ್ಲಿ?”

“ಮುಟ್ಟಿಲ್ಲ ದೊಡ್ಡವ್ವ. ಸುಮ್ನ ದಾಟಿ ಹೋತು.”

ಅವಳಿಗೆ ಕೇಳಿಸಲಿಲ್ಲ. ನನ್ನ ತಲೆಯನ್ನು ಎದೆಗೆ ಅವುಚಿಕೊಂಡು ಯಾವುದೋ ಹೆಸರು ಹಿಡಿದು ಕರೆದಳು. ಅದು ನನ್ನ ಹೆಸರಲ್ಲ, ಮಾವನ ಮಕ್ಕಳದೂ ಅಲ್ಲ.

“ನಿದ್ದಿ ಮಾಡಬ್ಯಾಡ ತಂಗಿ. ಮಾತಾಡು. ಹಡಗಲಿ ಬಂತು ನೋಡು, ದೀಪ ಕಾಣಾಕತ್ಯಾವ. ಮಾತಾಡು ನನ್ನ ಕೂಡ.”

ಇನ್ನೂ ಬಿಸಿಲಿತ್ತು. ಹಡಗಲಿ ಅಲ್ಲಿಂದ ಕಾಣುವ ಊರೇ ಅಲ್ಲ. ಎದುರಿಗೆ ಬರೀ ಹೊಳೆ. ಅವಳು ಮಾತ್ರ ದೂರದಲ್ಲಿ ಏನನ್ನೋ ನೋಡುತ್ತಿದ್ದಳು. ಹಾವು ಮೈಮೇಲೆ ಹರಿದಾಗ ಬಾರದ ಅಳು ನನಗೆ ಆಗ ಬಂತು. ಹುಡುಗಿಯರು ಓಡಿಹೋಗಿ ಮಾವನನ್ನು ಕರೆತಂದರು. ಮಾವ ಅವಳ ಕೈ ಬಿಡಿಸಿ, “ಅಕ್ಕಾ, ಇಲ್ನೋಡು, ಹುಡುಗಿ ಆರಾಮ ಅದಾಳ” ಎಂದು ಮತ್ತೆ ಮತ್ತೆ ಹೇಳುತ್ತ ಮನೆಗೆ ನಡೆಸಿಕೊಂಡು ಬಂದ.

ಸಂಜೆ ಹಿತ್ತಲಲ್ಲಿ ನನ್ನ ತಲೆ ಬಾಚುತ್ತ ಅವ್ವ ಹೇಳಿದಳು. ಅವರಿಗೆ ಎಲ್ಲರಿಗಿಂತ ಕಿರಿಯ ತಂಗಿಯೊಬ್ಬಳಿದ್ದಳು. ದೊಡ್ಡವ್ವ ಅವಳನ್ನು ಕರೆದುಕೊಂಡು ದನಕ್ಕೆ ಮೇವು ತರಲು ಬಣವೆಗೆ ಹೋಗಿದ್ದಳು. ಹುಲ್ಲು ಹಿರಿಯುವಾಗ ದೊಡ್ಡವ್ವನ ಬೆರಳಿಗೂ, ಹಿಂದೆ ನಿಂತಿದ್ದ ತಂಗಿಯ ಕಾಲಿಗೂ ಒಂದೇ ಹಾವು ಕಚ್ಚಿತು. ಅಜ್ಜ ಕತ್ತಲಲ್ಲೇ ಗಾಡಿ ಕಟ್ಟಿ ಇಬ್ಬರನ್ನೂ ಹಡಗಲಿಯ ಆಸ್ಪತ್ರೆಗೆ ಹೊರಡಿಸಿದ. ತಂಗಿಗೆ ನಿದ್ದೆ ಹತ್ತದ ಹಾಗೆ ಮಾತಾಡಿಸುತ್ತಿರು ಎಂದು ದೊಡ್ಡವ್ವನಿಗೆ ಹೇಳಿದ್ದನಂತೆ.

“ಅಕ್ಕಾ, ನಾಳಿ ಹೊಳಿಗೆ ಕರ್ಕೊಂಡು ಹೋಗ್ತೀಯೇನು ಅಂತ ಕೇಳಿತ್ತಂತ ಅದು. ಅಕ್ಕ ಹೂಂ ಅಂದ್ಲಂತ. ಆಮ್ಯಾಲೆ ಅದು ಮಾತಾಡ್ಲೇ ಇಲ್ಲ.” ಅವ್ವ ಜಡೆಯನ್ನು ಬಿಗಿಯಾಗಿ ಕಟ್ಟಿದಳು. “ನಿನ್ನ ಮಾರಿ ಥೇಟ್ ಅದರ ಮಾರೀನ. ಅದಕ್ಕ ನೀ ಅಂದ್ರ ಆಕಿಗೆ ಅಷ್ಟು ಜೀವ.”

ಅಂದಿನಿಂದ ನನ್ನ ಭಯ ಬೇರೆಯೇ ಆಯಿತು. ಸತ್ತವಳ ಮುಖ ಹೊತ್ತು ತಿರುಗುತ್ತಿದ್ದೇನೆ, ಹಾವಿಗೂ ಅದು ಗೊತ್ತಿದೆ ಎನ್ನಿಸುತ್ತಿತ್ತು. ಮರುದಿನ ದೊಡ್ಡವ್ವ ಏನೂ ಆಗದವಳಂತೆ ರೊಟ್ಟಿ ಬಡಿದಳು. ಆದರೆ ಆ ರಜೆಯಲ್ಲಿ ನಾವ್ಯಾರೂ ಮತ್ತೆ ಹೊಳೆಗೆ ಹೋಗಲಿಲ್ಲ.

ಮುಂದಿನ ಬೇಸಿಗೆ ಅವಳೇ ಬಾಗಿಲಲ್ಲಿ ನಿಂತು “ಬರ್ತೀಯೇನು?” ಎಂದಳು. ಅವ್ವ ಬೇಡವೆನ್ನಲಿಲ್ಲ. ಹೋದೆ. ಮೊದಮೊದಲು ಬಂಡೆಯ ಮೇಲೆ ಅವಳ ಪಕ್ಕ ಕುಳಿತೇ ಇದ್ದೆ. ಸೆಕೆ ತಡೆಯಲಾರದೆ ಒಂದು ದಿನ ಇಳಿದೆ. ನೀರು ಕೊರಳಿಗೆ ಬಂದಾಗ ದಂಡೆಯಿಂದ ಅವಳ ದನಿ: “ಕೂಡ್ಲಿಗ್ಯಾಗ ಸಂತಿ ಯಾವತ್ತು?” ಹೇಳಿದೆ. “ನಿಮ್ಮ ಮನಿ ಮುಂದಿನ ಬೇವಿನಗಿಡ ಐತೇನು ಇನ್ನ?” ಅದನ್ನೂ ಹೇಳಿದೆ. ಉತ್ತರ ತಡವಾದರೆ ಎದ್ದು ನಿಲ್ಲುತ್ತಿದ್ದಳು. ಹಾಗಾಗಿ ಮುಳುಗು ಹಾಕುವುದನ್ನೇ ಬಿಟ್ಟೆ. ಅವಳ ಕಡೆ ಮುಖ ಮಾಡಿಕೊಂಡೇ ಈಜುತ್ತಿದ್ದೆ.

ನಾನು ಮದುವೆಯಾಗಿ ಹರಪನಹಳ್ಳಿಗೆ ಬಂದ ಮೇಲೆ, ಎಂಬತ್ತರ ದಶಕದ ಕೊನೆಗೆ, ದೊಡ್ಡವ್ವ ಜ್ವರ ಬಂದು ತೀರಿಕೊಂಡಳು. ಹೊಲದಲ್ಲಿ ತಂಗಿಯ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದರು. ಬೇಸಿಗೆಯಲ್ಲಿ ಮಾಗಳಕ್ಕೆ ಹೋದರೆ ಅಲ್ಲಿಗೆ ಒಮ್ಮೆ ಹೋಗಿ ಬರುತ್ತೇನೆ. ಕೂತು ನಾಲ್ಕು ಮಾತಾಡಿ ಬರಬೇಕು ಎಂದು ಆಸೆ. ಆಗುವುದಿಲ್ಲ. ಸುತ್ತ ಒಣಹುಲ್ಲು ಮೊಣಕಾಲೆತ್ತರ ನಿಂತಿರುತ್ತದೆ, ಒಳಗೇನಾದರೂ ಸರಿದಾಡಿದರೆ ಕಾಣುವುದಿಲ್ಲ.