ಇಸ್ತ್ರಿಯಮ್ಮನ ಬಲಗೈ

ಬೀದಿಯ ಮೂಲೆಯ ಒಂದೇ ಕೋಣೆಯ ಅಂಗಡಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಯಾರ ಹಂಗಿನಲ್ಲೂ ಇರಬಾರದು ಎಂಬುದು ಆಕೆಯ ಹಟ. ಪಕ್ಕದ ಮನೆಯಲ್ಲೇ ಇದ್ದ ತನ್ನ ತಮ್ಮನ ಹೆಂಡತಿ ಒಂದು ಬಟ್ಟಲು ಸೂಪು ಕೊಟ್ಟರೂ ಆ ಬಟ್ಟಲು ಖಾಲಿಯಾಗಿ ವಾಪಸು ಹೋದದ್ದೇ ಇಲ್ಲ. ಹಣ್ಣೋ, ಬಿಸ್ಕತ್ತೋ, ಏನೂ ಸಿಗದಿದ್ದರೆ ಒಂದು ಹಿಡಿ ಸಕ್ಕರೆಯೋ ಅದರಲ್ಲಿ ಇರಲೇಬೇಕು.

ದೇವರ ಜೊತೆಗೂ ಅದೇ ವ್ಯವಹಾರ. ಚರ್ಚಿನ ಮೇಜುವಸ್ತ್ರವನ್ನೂ ಪಾದ್ರಿಯ ನಿಲುವಂಗಿಯನ್ನೂ ಆಕೆಯೇ ಒಗೆದು, ಗಂಜಿ ಹಾಕಿ, ಗರಿಗರಿಯಾಗಿ ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನಕ್ಕೆ ಮೊಣಕಾಲೂರಿದಾಗ, ಅಂಗೈಗೆ ಬೀಳುವ ರೊಟ್ಟಿಯ ಚೂರು ತನ್ನ ದುಡಿಮೆಯದ್ದು ಎಂಬ ಸಮಾಧಾನ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಹೀಗಿರುವಾಗ ಅಂಗಡಿಯ ಮೆಟ್ಟಿಲಲ್ಲಿ ಕಾಲು ಜಾರಿ ಬಲಗೈ ಮುರಿಯಿತು. ಇಸ್ತ್ರಿಪೆಟ್ಟಿಗೆ ಮೂಲೆ ಸೇರಿತು. ಚರ್ಚಿಗೆ ಹೋಗುವುದೂ ನಿಂತಿತು. ಪಾದ್ರಿ ವಿಚಾರಿಸಲು ಬಂದರು.

"ಮುರಿದಿದ್ದು ಕೈ ತಾನೇ? ಕಾಲು ಗಟ್ಟಿಯಾಗೇ ಇದೆಯಲ್ಲಮ್ಮ?"

"ಕೈ ಸರಿಹೋಗ್ಲಿ ಪಾದ್ರಿಗಳೇ. ಒಂದಷ್ಟು ಕೆಲಸ ಮಾಡ್ಕೊಟ್ಟು ಆಮೇಲೆ ಬರ್ತೀನಿ. ಬಿಟ್ಟಿಯಾಗಿ ಬಂದು ಕೈಯೊಡ್ಡೋಕೆ ನನ್ನಿಂದಾಗಲ್ಲ."

"ನೀವು ಇಸ್ತ್ರಿ ಮಾಡಿದ್ರಿ ಅಂತ ಅಲ್ಲಿ ರೊಟ್ಟಿ ಕೊಡೋದಲ್ಲಮ್ಮ. ಅದು ದೇವರು ಸುಮ್ನೆ ಕೊಡೋದು."

"ಸುಮ್ನೆ ಯಾರು ಏನು ಕೊಡ್ತಾರೆ, ಬಿಡಿ."

ಪಾದ್ರಿ ವಾದ ಬೆಳೆಸಲಿಲ್ಲ. ಚರ್ಚಿನ ಬಟ್ಟೆಗಳನ್ನು ಈಗ ತಮ್ಮನ ಹೆಂಡತಿ ನೋಡಿಕೊಳ್ಳುತ್ತಿದ್ದಾಳೆ ಎಂದಷ್ಟೇ ಹೇಳಿ ಹೊರಟರು.

ಆ ಮಾತು ಇಸ್ತ್ರಿಯಮ್ಮನ ತಲೆ ಕೊರೆಯತೊಡಗಿತು. ತಮ್ಮನ ಹೆಂಡತಿಯ ಮನಸ್ಸು ದೊಡ್ಡದು, ಆದರೆ ಕೆಲಸ ಅಷ್ಟಕ್ಕಷ್ಟೇ. ಬಟ್ಟೆಗೆ ನೀರು ಚಿಮುಕಿಸು ಎಂದರೆ ಗಿಡಕ್ಕೆ ಹೊಯ್ದ ಹಾಗೆ ಹೊಯ್ಯುವವಳು. ಏನು ಅವಾಂತರ ಮಾಡಿದ್ದಾಳೋ ನೋಡಿಯೇ ಬಿಡೋಣ ಎಂದು ಭಾನುವಾರ ಇಸ್ತ್ರಿಯಮ್ಮ ಚರ್ಚಿಗೆ ಹೋದಳು. ಭಕ್ತಿಯಿಂದ ಹೋದಳು ಎಂದರೆ ಸುಳ್ಳಾದೀತು.

ಅಂದುಕೊಂಡಿದ್ದಕ್ಕಿಂತ ಕೆಟ್ಟದಾಗಿತ್ತು. ಮೇಜುವಸ್ತ್ರ ಒಂದು ಕಡೆ ಜೋತು ಬಿದ್ದಿತ್ತು, ನಟ್ಟನಡುವೆ ಸುಕ್ಕು, ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಕಲೆ. ಪಾದ್ರಿ ರಾತ್ರಿಯೆಲ್ಲ ನಿಲುವಂಗಿಯಲ್ಲೇ ಮಲಗಿ ಎದ್ದು ಬಂದ ಹಾಗಿದ್ದರು. ಅಷ್ಟರಲ್ಲಿ ಆ ಸುಕ್ಕಿನ ಮೇಲಿದ್ದ ರೊಟ್ಟಿಯನ್ನೇ ಎತ್ತಿ ಪಾದ್ರಿ ಮುರಿದರು. ಜನ ಸಾಲಾಗಿ ಹೋಗಿ ಮೊಣಕಾಲೂರಿದರು, ತಿಂದರು, ಕೆಲವರು ಕಣ್ಣೊರೆಸಿಕೊಂಡರು. ವಸ್ತ್ರದ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಇಸ್ತ್ರಿಯಮ್ಮನಿಗೆ ಮೊದಲು ಅವಮಾನವಾಯಿತು. ಆಮೇಲೆ ಹೆದರಿಕೆಯಾಯಿತು. ಆ ರೊಟ್ಟಿ ಯಾವತ್ತೂ ತನ್ನ ದುಡಿಮೆಯದ್ದಾಗಿರಲೇ ಇಲ್ಲ.

ಎದ್ದು ಮುಂದೆ ಹೋದಳೇನೋ ಹೌದು, ಮೊಣಕಾಲೂ ಊರಿದಳು. ಬಲಗೈ ಕತ್ತಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು. ಎಡಗೈ ಚಾಚಲು ಮನಸ್ಸು ಬರಲಿಲ್ಲ. ಪಾದ್ರಿ ಅರೆಗಳಿಗೆ ನಿಂತರು.

"ಬಾಯಿ ತೆಗೀರಿ ಅಮ್ಮ," ಎಂದರು ಮೆಲ್ಲಗೆ.

ತೆರೆದಳು. ರೊಟ್ಟಿಯ ಚೂರನ್ನು ನಾಲಿಗೆಯ ಮೇಲಿಟ್ಟರು. ಚಿಕ್ಕಂದಿನಲ್ಲಿ ಜ್ವರ ಬಂದು ಮಲಗಿದ್ದಾಗ ಅಮ್ಮ ತಿನ್ನಿಸಿದ್ದು ಬಿಟ್ಟರೆ ಇನ್ನೊಬ್ಬರ ಕೈಯಿಂದ ಆಕೆ ತಿಂದವಳಲ್ಲ. ಅಳು ಬಂತು, ಅತ್ತಳು.

ಮಧ್ಯಾಹ್ನ ತಮ್ಮನ ಹೆಂಡತಿ ಸೂಪು ತಂದಳು.

"ಅತ್ತಿಗೆ, ಬಟ್ಟೆ ನೋಡಿದ್ರಾ? ಬೈಬೇಡಿ."

"ನೋಡ್ದೆ. ಅಂಚು ಸುಟ್ಟಿದ್ದೀಯ," ಎಂದು ಇಸ್ತ್ರಿಯಮ್ಮ ಸೂಪು ಕುಡಿದಳು. ಎಡಗೈಯಲ್ಲೇ ಬಟ್ಟಲು ತೊಳೆದಳು. ಅಭ್ಯಾಸಬಲದಿಂದ ಕೈ ಸಕ್ಕರೆ ಡಬ್ಬಿಗೆ ಹೋಯಿತು. ಸ್ವಲ್ಪ ಹೊತ್ತು ಮುಚ್ಚಳದ ಮೇಲೆಯೇ ಇತ್ತು. ಆಮೇಲೆ ಆಕೆ ಖಾಲಿ ಬಟ್ಟಲನ್ನು ಹಾಗೆಯೇ ಮುಂದೆ ಹಿಡಿದಳು.

"ತಗೋ. ಚೆನ್ನಾಗಿತ್ತು."

ತಮ್ಮನ ಹೆಂಡತಿ ಬಟ್ಟಲೊಳಗೆ ಇಣುಕಿದಳು, ಅತ್ತಿಗೆಯ ಮುಖ ನೋಡಿದಳು.

"ಅತ್ತಿಗೆ, ಹುಷಾರಾಗಿದ್ದೀರ ತಾನೇ?" ಎಂದು ಗಾಬರಿಯಿಂದ ಕೇಳಿದಳು.