ಕಾಗದದ ಮೇಲಿನ ಅಕ್ಕ

ಗೋದಾಬಾಯಿ ತನ್ನ ನೌಕರಿಯ ವರ್ಷಗಳನ್ನು ಸೀರೆಯ ಬಣ್ಣದಿಂದ ನೆನಪಿಡುತ್ತಿದ್ದಳು. ನೀಲಿ ಸೀರೆ ಉಡುತ್ತಿದ್ದಾಗ ಮಗಳ ಲಗ್ನವಾಯಿತು, ಹಸಿರು ಸೀರೆಯ ಕಾಲಕ್ಕೆ ಗಂಡನಿಗೆ ದಮ್ಮು ಹತ್ತಿತು, ಹೀಗೆ. ತೆಲುಗಿನ ಪಟ್ಟಣದಲ್ಲಿ, ಬಾಲಾನಗರದ ಕಡೆ ಇದ್ದ ಆ ಸರ್ಕಾರಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡಿಗೆಯ ಹೆಂಗಸರು ಕಾರ್ಖಾನೆಯವರಲ್ಲ, ಏಜೆನ್ಸಿಯವರು. ಎರಡು ಮೂರು ವರ್ಷಕ್ಕೊಮ್ಮೆ ಟೆಂಡರ್ ಆಗಿ ಹಳೆಯ ಏಜೆನ್ಸಿ ಹೋಗುತ್ತದೆ, ಹೊಸದು ಬಂದು ಬೇರೆ ಬಣ್ಣದ ಸೀರೆ ಕೊಡುತ್ತದೆ. ಹಂಚು ಅದೇ, ಲಟ್ಟಣಿಗೆ ಅದೇ, ತಿನ್ನುವ ಬಾಯಿಗಳೂ ಅವೇ. ಆದರೂ ಇಪ್ಪತ್ತೆರಡು ವರ್ಷ ಚಪಾತಿ ಬೇಯಿಸಿದವಳು ಪ್ರತಿ ಸಲ ಹೆಬ್ಬೆಟ್ಟು ಒತ್ತಿ ಹೊಸಬಳಾಗಿ ಸೇರಬೇಕು. ಇದು ಯಾವ ಸೀಮೆಯ ನ್ಯಾಯವೋ, ಆ ಕಾಗದ ಬರೆದ ಪುಣ್ಯಾತ್ಮನೇ ಹೇಳಬೇಕು.

ಮೊದಲ ಸಲ ಅವಳು ಸೇರಿದ್ದೇ ಒಂದು ಸುಳ್ಳು ಹೇಳಿ. ಆಗಿನ ಕಂಟ್ರಾಕ್ಟರನಿಗೆ ಸಣ್ಣ ವಯಸ್ಸಿನ ಹೆಂಗಸರು ಬೇಡವಾಗಿದ್ದರು. ಬಸಿರು ಬಾಣಂತನ ಅಂತ ರಜಾ ಹಾಕುತ್ತಾರೆ, ಮೂವತ್ತು ತುಂಬಿದವರೇ ಬರಲಿ ಅಂದಿದ್ದ. ಗೋದಾಬಾಯಿಗೆ ಆಗ ಇಪ್ಪತ್ತನಾಲ್ಕು. ಮಡಿಲಲ್ಲಿ ಕೂಸು, ಗಂಡ ಹನುಮಂತ ಬೇಗಂ ಬಜಾರಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ಅವಳು ಸೀದಾ ಮೂವತ್ತು ಅಂದಳು, ಕಾರಕೂನ ಬರೆದುಕೊಂಡ. ಸಾಲಿಯ ಮುಖ ಕಾಣದವಳ ವಯಸ್ಸು ಅವಳ ಬಾಯಲ್ಲೇ ಇರುತ್ತದೆ.

ಹನ್ನೆರಡು ವರ್ಷದ ಮೇಲೆ ಅಕ್ಕ ಶಿವದೇವಿ ಗಂಡನನ್ನು ಕಳೆದುಕೊಂಡು ಮಗಳು ವನಜಾಳೊಂದಿಗೆ ಲಿಂಗಸುಗೂರಿನಿಂದ ಬಂದಳು. ಅವ್ವ ಸತ್ತ ಮೇಲೆ ಗೋದಾಬಾಯಿಯನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ, ಆರು ವರ್ಷ ದೊಡ್ಡವಳು. ಆ ಹೊತ್ತಿನ ಏಜೆನ್ಸಿ ಹಳಬರನ್ನು ಬಿಟ್ಟು, ಹೊರಗಿನಿಂದ ಹೊಸದಾಗಿ ಬರುವವರು ನಲವತ್ತರ ಒಳಗಿರಬೇಕು ಅಂದಿತ್ತು, ಅಕ್ಕನಿಗೆ ನಲವತ್ತೆರಡಾಗಿತ್ತು. ಗೋದಾಬಾಯಿಯೇ ಮುಂದೆ ನಿಂತು, "ನನ್ನ ತಂಗಿ ರೀ, ಮೂವತ್ತಾರು," ಅಂದಳು. ತನ್ನದನ್ನು ಏರಿಸಿದ್ದ ನಾಲಿಗೆಗೆ ಅಕ್ಕನದನ್ನು ಇಳಿಸುವುದೇನು ಕಷ್ಟ. ಹಾಗೆ ಕಾಗದದ ಮೇಲೆ ತಂಗಿ ಅಕ್ಕನಾದಳು, ಅಕ್ಕ ತಂಗಿಯಾದಳು. "ಏ ಹಿರಿಯಾಕಿ, ಹಿಟ್ಟು ಈ ಕಡೆ ಸರಸು," ಅಂತ ಶಿವದೇವಿ ಕಾಡುವುದು, ಇಬ್ಬರೂ ಸೆರಗು ಬಾಯಿಗೆ ಹಿಡಿದು ನಗುವುದು ಎಷ್ಟೋ ವರ್ಷ ನಡೆಯಿತು.

ಈ ಸಲ ಬಂದದ್ದು ಕೆಂಗಂದು ಸೀರೆಯ ಏಜೆನ್ಸಿ. ಅವರ ಸೂಪರ್‌ವೈಜರ್ ರಾಘವೇಂದ್ರ ಮಂತ್ರಾಲಯದ ಕಡೆಯವನು, ಕನ್ನಡ ಬಲ್ಲವನು. ಕರಾರು ಓದಿ ಹೇಳಿದ. ಪಾಳಿ ಒಂದು ತಾಸು ಹೆಚ್ಚು, ಹಬ್ಬದ ರಜೆ ಕಡಿಮೆ. ಹೆಂಗಸರು ಗೊಣಗುತ್ತ ಒಪ್ಪಿದರು, ಒಪ್ಪದೆ ಹೋಗುವುದೆಲ್ಲಿಗೆ? ಕೊನೆಗೆ, ಐವತ್ತು ದಾಟಿದವರನ್ನು ಹೊಸ ಏಜೆನ್ಸಿ ತೆಗೆದುಕೊಳ್ಳುವುದಿಲ್ಲ ಅಂದ. ಕ್ಯಾಂಟೀನಿನ ಕಾಗದದಲ್ಲಿ ಐವತ್ತು ದಾಟಿದವಳು ಒಬ್ಬಳೇ, ಐವತ್ತೆರಡರ ಗೋದಾಬಾಯಿ. ನಲವತ್ತಾರರ ನಿಜದ ಗೋದಾಬಾಯಿ ಕಣಕದ ಕೈಯಲ್ಲೇ ಗೋಡೆಗೆ ಆತುಕೊಂಡಳು.

ಸಂಬಳ ಹೋದರೆ ನಾಲ್ಕು ಮನೆಯ ಮುಸುರೆ ತಿಕ್ಕಿಯಾಳು. ಆದರೆ ಇಎಸ್‌ಐ ಕಾರ್ಡು? ಮೆಣಸಿನ ಘಾಟು ಕುಡಿದು ಕುಡಿದು ಹನುಮಂತನ ಎದೆ ಹಾಳಾಗಿತ್ತು. ಅವನು ಉಸಿರಾಡುತ್ತಿದ್ದದ್ದು ಆ ಕಾರ್ಡಿನ ಮೇಲೆ ಸಿಗುವ ಔಷಧಿಯಿಂದ. ನೌಕರಿ ಹೋದರೆ ಕಾರ್ಡು ಕೆಲವು ತಿಂಗಳು ನಡೆದು ನಿಲ್ಲುತ್ತದೆ. ಅಕ್ಕನ ಕಾರ್ಡು ತಂಗಿಯ ಗಂಡನಿಗೆ ಬರುವುದಿಲ್ಲ.

ರಾಘವೇಂದ್ರ ಕೆಟ್ಟವನಲ್ಲ. ಅವನೇ ಅವಳನ್ನು ಪಕ್ಕಕ್ಕೆ ಕರೆದ.

"ನೀವು ಶಿವದೇವಮ್ಮನ್ನ ಅಕ್ಕ ಅಂತೀರಲ್ರಿ. ಆಕಿಗೆ ಇದರಾಗ ನಲವತ್ತಾರೈತಿ. ಆಕಿ ಖರೇನ ನಿಮ್ಮ ಅಕ್ಕ ಇದ್ರ ನಿಮಗ ಐವತ್ತೆರಡು ಹೆಂಗಾಗ್ತೈತ್ರಿ? ಯಾರೋ ತಪ್ಪು ಬರದಾರ. ಹೂಂ ಅನ್ರಿ, ಆಫೀಸಿಗೆ ಬರೀತೀನಿ. ಡಾಕ್ಟರ್ ಕಡಿಂದ ಇಬ್ಬರದೂ ವಯಸ್ಸು ನೋಡಸ್ತಾರ, ನಿಮ್ಮದು ಸರಿ ಆಗ್ತೈತಿ."

"ಇಬ್ಬರದೂ ನೋಡಸ್ತಾರೇನ್ರಿ?"

"ಹೂಂ ಮತ್ತ. ದಸರಾ ಮುಗಿಸಿ ಬಂದು ಹೇಳ್ರಿ."

ಡಾಕ್ಟರ್ ನೋಡಿದರೆ ತಂಗಿ ಉಳಿಯುತ್ತಾಳೆ, ಐವತ್ತೆರಡರ ಅಕ್ಕ ಹೋಗುತ್ತಾಳೆ. ಅಕ್ಕ ಲಿಂಗಸುಗೂರಿನ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು, ಅಲ್ಲಿಯ ದಾಖಲೆ ಕೇಳಿದರೂ ಸಿಕ್ಕಿಬೀಳುತ್ತಾಳೆ.

ಬಸ್ಸಿನಲ್ಲಿ ಕೂತು ಗೋದಾಬಾಯಿ ಇದನ್ನೆಲ್ಲ ಅಕ್ಕನಿಗೆ ಹೇಳಿದಳು. ಶಿವದೇವಿ ಕಿಟಕಿಯ ಹೊರಗೆ ನೋಡುತ್ತ "ಹ್ಞೂಂ" ಅಂದಳು, ಅಷ್ಟೇ. ಕೂಕಟ್‌ಪಲ್ಲಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಇದ್ದರು. ಗಂಡ ಬಿಟ್ಟು ಕಳಿಸಿದ ವನಜಾ, ಅವಳ ಎಳೆಕೂಸು, ಅವರಿಬ್ಬರಿಗೂ ಶಿವದೇವಿಯ ದುಡಿಮೆಯೇ ಗತಿ. ಗೋದಾಬಾಯಿಗೆ ಅದೆಲ್ಲ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಒಂದು ಮಾತಿಗೆ ಕಾದಳು. 'ಹೇಳಿಬಿಡು ಗೋದಾ, ನಂದು ಹೆಂಗರ ನಡೀತೈತಿ,' ಅಂತ ಅಕ್ಕ ಅನ್ನುತ್ತಾಳೆ ಅಂತ. ಅಂದಿದ್ದರೂ ತಾನು ಒಪ್ಪುತ್ತಿರಲಿಲ್ಲವೇನೋ. ಆದರೆ ಅನ್ನಬೇಕಿತ್ತು. ಅಕ್ಕ ಕೂಸಿಗೆ ಗಂಜಿ ಕುಡಿಸಿದಳು, ಪಾತ್ರೆ ತೊಳೆದಳು, ಆ ಸುದ್ದಿ ಬಿಟ್ಟು ಉಳಿದದ್ದೆಲ್ಲ ಮಾತಾಡಿದಳು.

"ನಿಮ್ಮಕ್ಕನ್ನ ಒಮ್ಮೆ ಕೇಳಿ ನೋಡು," ಅಂದ ಹನುಮಂತ.

"ಏನಂತ ಕೇಳಲಿ? ಮಗಳು ಮೊಮ್ಮಗನ್ನ ಕಟಗೊಂಡು ಬೀದಿಗೆ ಬೀಳು ಅಂತ ಕೇಳ್ಲೇನು?"

ಅವನು ಗೋಡೆಯ ಕಡೆ ತಿರುಗಿ ಕೆಮ್ಮಿದ.

ದಸರೆಗೆ ಪ್ರತಿ ವರ್ಷ ಗೋದಾಬಾಯಿ ಅಕ್ಕನಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಿದ್ದಳು. ಬನ್ನಿ ಕಿರಿಯರು ಹಿರಿಯರಿಗೆ ಕೊಡುವುದು. ಹಿರಿಯರೇ ಕಿರಿಯರ ಕಾಲಿಗೆ ಬಿದ್ದರೆ ಕಿರಿಯರ ಆಯುಷ್ಯ ತೀರುತ್ತದೆ ಅಂತ ಚಿಕ್ಕಂದಿನಲ್ಲಿ ಹೇಳಿಕೊಟ್ಟವಳೂ ಅಕ್ಕನೇ. ಈ ವರ್ಷ ಗೋದಾಬಾಯಿ ಬನ್ನಿ ಕೊಡಲಿಲ್ಲ. ಸಿಟ್ಟು ನೆತ್ತಿಗೇರಿತ್ತು, ಕೊಡಲು ಮನಸ್ಸೇ ಬರಲಿಲ್ಲ. ಅಕ್ಕನೂ ಕೇಳಲಿಲ್ಲ.

ಹಬ್ಬದ ಮರುದಿನ ರಾಘವೇಂದ್ರ ಇಬ್ಬರನ್ನೂ ನಿಲ್ಲಿಸಿಕೊಂಡು, "ಈಗ ಹೇಳ್ರಿ, ನಿಮ್ಮಿಬ್ಬರಾಗ ದೊಡ್ಡಾಕಿ ಯಾರು?" ಅಂದ.

ಗೋದಾಬಾಯಿ ಅಕ್ಕನ ಮುಖ ನೋಡಿದಳು. ಅಕ್ಕ ನೆಲ ನೋಡುತ್ತಿದ್ದಳು.

"ನಾನ ರೀ ದೊಡ್ಡಾಕಿ. ಆಕೀನ ಅಕ್ಕರತಿಗೆ ಅಕ್ಕ ಅಂತೀನಿ."

"ಮತ್ತ ನನ್ನ ಕೈಯಾಗ ಏನೂ ಇಲ್ರಿ," ಅಂದು ಅವನು ನಿಜಕ್ಕೂ ಬೇಸರಪಟ್ಟುಕೊಂಡ.

ತಿಂಗಳ ಕೊನೆಯ ದಿನ ಹಳೆ ಏಜೆನ್ಸಿಯೂ ಮುಗಿಯಿತು, ಗೋದಾಬಾಯಿಯ ನೌಕರಿಯೂ ಮುಗಿಯಿತು. ದಸರೆ ಕಳೆದರೂ ಬನ್ನಿ ಕೊಡುವುದು ನಾಲ್ಕು ದಿನ ನಡೆದೇ ಇರುತ್ತದೆ. ತೆಲುಗಿನ ಹುಡುಗಿಯರು ತಾವು ಜಮ್ಮಿ ಅನ್ನುವ ಬನ್ನಿ ಎಲೆ ತಂದು ಅವಳ ಕೈಗಿಟ್ಟು ಕಾಲು ಮುಟ್ಟಿದರು. ಅವಳು ನಗುನಗುತ್ತಲೇ ಹರಸಿದಳು. ಶಿವದೇವಿ ಒಲೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದಳು.

"ಶಿವದೇವಮ್ಮ, ನಿಮ್ಮಕ್ಕ ಹೊಂಟಾರ," ಅಂತ ರಾಘವೇಂದ್ರ ಕರೆದ. ಒಳ್ಳೆಯ ಮನಸ್ಸಿನಿಂದಲೇ ಕರೆದ. "ಬನ್ನಿ ಕೊಟ್ಟು ನಮಸ್ಕಾರ ಮಾಡ್ರಿ. ತಂಗಿ ಆದಾಕಿ ದೂರ ನಿಂತ್ರ ಹೆಂಗ?"

ಗೋದಾಬಾಯಿ ಹಿಂದೆ ಸರಿದಳು. ಹಿಂದೆ ಹಿಟ್ಟಿನ ಕಟ್ಟೆಯಿತ್ತು, ಸರಿಯಲು ಜಾಗವಿರಲಿಲ್ಲ. ಎಲ್ಲರೂ ನೋಡುತ್ತಿದ್ದರು, ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಶಿವದೇವಿ ಬಂದು ಎಲೆಯನ್ನು ಅವಳ ಅಂಗೈಗಿಟ್ಟು ಬಗ್ಗಿದಳು. ಗೋದಾಬಾಯಿಯನ್ನು ಹೊತ್ತು ತಿರುಗಿದ ಕೈಗಳು ಈಗ ಅವಳ ಪಾದದ ಮೇಲಿದ್ದವು.

"ನನಗ ಬಾಯಿ ಬರಲಿಲ್ಲ, ಗೋದಾ," ಅಂತ ಬಗ್ಗಿದಲ್ಲಿಂದಲೇ ಅಕ್ಕ ಪಿಸುಗುಟ್ಟಿದಳು.

"ಏಳು. ಎಲ್ಲಾರೂ ನೋಡಾಕತ್ತಾರ."

ಆಮೇಲೆ ಹಿರಿಯಳು ಮಾಡಬೇಕಾದ ಹಾಗೆ ಅವಳ ನರೆತ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, "ನೂರು ವರ್ಷ ಬಾಳವ್ವ," ಅಂದಳು.

ಹೊಸ ಕರಾರಿನ ಹೆಚ್ಚಿನ ತಾಸಿಗೆ ಶಿವದೇವಿ ಅಲ್ಲೇ ಉಳಿದಳು. ಗೋದಾಬಾಯಿ ಒಬ್ಬಳೇ ಬಸ್ಸು ಹಿಡಿದು ಮನೆಗೆ ಬಂದು ಬನ್ನಿ ಎಲೆಯನ್ನು ಔಷಧಿ ಡಬ್ಬಿಯ ಪಕ್ಕ ಇಟ್ಟಳು.

"ಹೋಗುವಾಗರ ನಿಮ್ಮಕ್ಕ ಏನರ ಅಂದ್ಲೇನು?" ಅಂತ ಹನುಮಂತ ಕೇಳಿದ.

"ನನ್ನ ಕಾಲಿಗೆ ಬಿದ್ಲು," ಅಂದಳು ಗೋದಾಬಾಯಿ.