ವಿಮಲತ್ತೆಯ ಪಿಯಾನೋ ಬೆಂಚು

ಟ್ರಂಕಿನ ಮುಚ್ಚಳ ತೆರೆದಾಗ ಬರುವ ನುಸಿಗುಳಿಗೆಯ ವಾಸನೆಗೆ ನಿಮಗೆ ಅಮ್ಮನ ರೇಷ್ಮೆ ಸೀರೆ ನೆನಪಾಗಬಹುದು. ನನಗೆ ನೆನಪಾಗುವುದು ಪಿಯಾನೋ. ಹಿರಿಯೂರಿನಲ್ಲಿ ವೇದಾವತಿಯ ಕಡೆಗೆ ಇಳಿಯುವ ಓಣಿಯ ನಮ್ಮ ಮನೆಯಲ್ಲಿ, ಅಪ್ಪನ ಕೊಬ್ಬರಿ ಚೀಲಗಳ ಪಕ್ಕದಲ್ಲೇ ಅದು ನಿಂತಿತ್ತು. ಊರು ಬಿಟ್ಟುಹೋಗುತ್ತಿದ್ದ ಪಾದ್ರಿಯೊಬ್ಬರಿಂದ ತಾತ ಕೊಂಡದ್ದು. ಒಳಗಿನ ಉಣ್ಣೆಪಟ್ಟಿಗಳಿಗೆ ನುಸಿ ಹತ್ತದಿರಲೆಂದು ವಿಮಲತ್ತೆ ಗುಳಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟಿದ್ದಳು. ಅವಳು ಅಪ್ಪನ ತಂಗಿ. ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ಕ್ರೈಸ್ತ ಸನ್ಯಾಸಿನಿಯರಿಂದ ನುಡಿಸಲು ಕಲಿತವಳು. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನಗೆ ತಾಯಿ ಇರಲಿಲ್ಲ. ನನ್ನ ಜಡೆ, ಪಾಠ, ಜ್ವರ ಎಲ್ಲ ಅತ್ತೆಯ ಪಾಲಿಗೇ ಬಂದಿತ್ತು. ಸಂಜೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಜೋಡಿ ನುಡಿಕೆ ನುಡಿಸುತ್ತಿದ್ದೆವು. ಮೇಲಿನ ಸ್ವರಗಳು ನನ್ನವು, ಕೆಳಗಿನವು ಅವಳವು.

ನಮ್ಮ ಎಮ್ಮೆಯನ್ನು ನೋಡಲು ಬಂದ ಪಶುವೈದ್ಯ ಸ್ಯಾಮ್ಯುಯೆಲ್ ಒಂದು ದಿನ ಆ ನಾದ ಕೇಳಿ ಒಳಗೆ ಇಣುಕಿದರು. ಚರ್ಚಿನಲ್ಲಿ ನುಡಿಸಿ ಗೊತ್ತಿದ್ದವರು. ಅತ್ತೆ ಮೇಲಿನ ಸ್ವರಗಳ ಕಡೆಗೆ ಸರಿದಳು, ನಾನು ಬೆಂಚಿನಿಂದ ಇಳಿದೆ. ಮುಂದಿನ ಭಾನುವಾರ ಅವರು ಮತ್ತೆ ಬಂದಾಗ ಅಜ್ಜಿ ನನ್ನ ಕಿವಿಯಲ್ಲಿ, "ಎಮ್ಮೆ ಚೆನ್ನಾಗೈತೆ. ಡಾಕ್ಟ್ರು ಯಾಕೆ ಬಂದ್ರು?" ಎಂದಳು.

ಅಂದಿನಿಂದ ಮನೆಯಲ್ಲಿ ಒಂದು ಕಾಯಿದೆ ಜಾರಿಯಾಯಿತು. ಡಾಕ್ಟರು ಬಂದಾಗಲೆಲ್ಲ ಬಾಗಿಲು ತೆರೆದಿರಬೇಕು, ನಾನು ಎದುರಿಗೇ ಕೂತಿರಬೇಕು. "ಚಿಕ್ಕದು ಯಾವ್ದಾದ್ರೂ ಬಾರಿಸ್ರಿ, ಸಾಕು" ಎಂದು ಹೇಳಿ ಅಜ್ಜಿ ಅಡುಗೆಮನೆಗೆ ಹೋಗುವಳು. ನಾದ ನಿಂತರೆ ಸೌಟು ಹಿಡಿದೇ ಬಂದು ನಿಲ್ಲುವಳು; ಮುಂದಿನದನ್ನು ಆರಿಸುತ್ತಿದ್ದೇವೆ ಎಂದರೆ ಮಾತ್ರ ಹಿಂದಿರುಗುವಳು. ಹೀಗಾಗಿ ಆರಿಸುವುದೇ ಅವರಿಗೆ ದೊಡ್ಡ ಕೆಲಸವಾಯಿತು. ಡಾಕ್ಟರು ಚಿತ್ರದುರ್ಗದಿಂದ ತಂದ ಸ್ವರಪುಸ್ತಕಗಳನ್ನು ಮುಂದಿಟ್ಟುಕೊಂಡು ಇಬ್ಬರೂ ಹಾಳೆ ಮಗುಚುವರು. ಇದು ಆರು ಪುಟ, ಬೇಡ. ಇದರಲ್ಲಿ ನಡುನಡುವೆ ಬಿಡುವು ಬಹಳ, ಅಜ್ಜಿ ಬಂದಾರು. "ಇದೂ ಬ್ಯಾಡ್ರಿ, ಇದ್ರಲ್ಲಿ ನನ್ನ ಕೈ ನಿಮ್ಮ ಕೈ ಮೇಲಿಂದ ಹೋಗ್ಬೇಕು" ಎಂದು ಡಾಕ್ಟರು ತಣ್ಣಗೆ ಹೇಳಿದರೆ, ಅತ್ತೆ ಆ ಪುಟವನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದಳು. ಕೊನೆಗೆ ಎರಡು ಪುಟದ ಒಂದು ಜೋಗುಳವೋ ಕುಣಿತದ ತುಣುಕೋ ಸಿಕ್ಕಿ, ನುಡಿಸಿ, ಕ್ಷಣದಲ್ಲಿ ಮುಗಿಯುತ್ತಿತ್ತು. ಮತ್ತೆ ಹುಡುಕಾಟ. ಈ ಮನುಷ್ಯ ಅತ್ತೆಯನ್ನು ಕರೆದುಕೊಂಡು ಹೋಗುತ್ತಾನೆಂದು ನನಗೆ ಒಳಗೇ ಅನಿಸುತ್ತಿತ್ತು. "ಅಜ್ಜಿ, ಅವ್ರು ಬಾರ್ಸೋದಕ್ಕಿಂತ ಆರ್ಸೋದೇ ಜಾಸ್ತಿ" ಎಂದೆ. ಅಜ್ಜಿ ಒಲೆಯಿಂದ ಕಣ್ಣು ತೆಗೆಯದೆ, "ನಂಗೂ ಅದೇ ಗುಮಾನಿ" ಎಂದಳು.

ಡಾಕ್ಟರಿಗೆ ಬೀದರಿನ ಕಡೆಗೆ ವರ್ಗವಾಯಿತು. ಹೇಳಿಹೋಗಲು ಬಂದವರು ಅಪ್ಪನ ಮುಂದೆ ಕೂತು, "ವಿಮಲಾ ಅವ್ರನ್ನ ಮದ್ವೆ ಆಗ್ಬೇಕು ಅಂತಿದೀನಿ. ಅವ್ರು ಒಪ್ಪಿದಾರೆ. ನಿಮ್ಮನ್ನ ಕೇಳ್ದೆ ಮಾಡಲ್ಲ" ಎಂದರು. ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಮಗಳ ಕಡೆ ತಿರುಗಿದಳು.

"ಯಾವಾಗ ಕೇಳಿದ್ರು ನಿನ್ನ? ನಾನು ಇಲ್ಲೇ ಇದ್ನಲ್ಲ."

"ಪುಸ್ತಕದಾಗೆ ಆರಿಸ್ವಾಗ, ಅಮ್ಮ."

ಅಜ್ಜಿ ಕೊಬ್ಬರಿ ಚೀಲದ ಮೇಲೆ ಕುಸಿದು ಕೂತಳು. ಬೇರೆ ದೇವರು, ಬೇರೆ ಜನ, ಓಣಿಯ ಬಾಯಿ, ಎಲ್ಲವೂ ಅವಳ ಮುಖದ ಮೇಲೆ ಹಾದುಹೋದದ್ದು ನನಗೆ ಕಂಡಿತು. ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗು ವಿಮಲಿ. ನಿನ್ನ ಕಾಯೋದು ನಂಗೂ ಸಾಕಾಗೈತೆ" ಎಂದಳು. ಅತ್ತೆ ಅವಳ ಕಾಲು ಹಿಡಿದು ಅತ್ತಳು. ಅಪ್ಪ ತಲೆಯಾಡಿಸಿದ. ಒಪ್ಪದವಳು ನಾನೊಬ್ಬಳೇ; ನನ್ನನ್ನು ಯಾರೂ ಕೇಳಲಿಲ್ಲ. ಅತ್ತೆ ಬಸ್ಸು ಹತ್ತುವಾಗ ನಾನು ಹಿತ್ತಿಲಲ್ಲಿ ಎಮ್ಮೆಯ ಪಕ್ಕ ನಿಂತಿದ್ದೆ.

ಈಗ ಆ ಮನೆ ಇಲ್ಲ. ಅಪ್ಪ, ಅಜ್ಜಿ ಹೋಗಿ ಬಹಳ ಕಾಲವಾಯಿತು. ಅತ್ತೆ ಕಳೆದ ವರ್ಷ ಬೀದರಿನಲ್ಲೇ ತೀರಿಕೊಂಡಳು. ಆ ದಿನಗಳೆಲ್ಲ ನೆನಪಿನಲ್ಲಿ ಕಲಸಿಹೋದರೂ, ಅವಳು ಹೊರಟುಹೋದ ವಾರದ ಒಂದು ಸಂಜೆ ಮಾತ್ರ ಹಾಗೇ ಉಳಿದಿದೆ. ನಾನು ಒಬ್ಬಳೇ ಕೂತು, ಅತ್ತೆಯ ಜೊತೆ ನುಡಿಸುತ್ತಿದ್ದ ಒಂದು ಜೋಗುಳದ ನನ್ನ ಅರ್ಧವನ್ನು ನುಡಿಸುತ್ತಿದ್ದೆ. ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದು, ಅದುವರೆಗೆ ಮುಟ್ಟದಿದ್ದ ಆ ಪಿಯಾನೋದ ಮುಂದೆ ನನ್ನ ಎಡಕ್ಕೆ, ಅತ್ತೆಯ ಜಾಗದಲ್ಲಿ ಕೂತಳು.

"ಯಾವ್ದು ಒತ್ತಬೇಕು, ತೋರ್ಸು."

ತೋರಿಸಿದೆ. ಅರಿಸಿನ ಹತ್ತಿದ ಬೆರಳಿನಿಂದ ಅಜ್ಜಿ ಆ ಒಂದೇ ಸ್ವರವನ್ನು ಒತ್ತಿದಳು, ಮತ್ತೆ ಒತ್ತಿದಳು. ನನ್ನ ಕೈ ನಿಂತಾಗ, "ನೀನು ಬಾರ್ಸವ್ವ, ನಾನು ಇದ್ನ ಒತ್ತುತಾ ಇರ್ತೀನಿ" ಎಂದಳು.